ಮಾತು ನಿಲ್ಲುವ ಮೊದಲು ಎಂಟು ಪಾಠ

ಗಂಟಲಿನ ಗಡ್ಡೆ ತೆಗೆದರೆ ಮಾತು ನಿಂತೇ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಫಿಸಿಕ್ಸ್ ಮೇಡಂ ಕೇಳಿದ್ದು ಒಂದೇ ಮಾತು.

"ಆಪರೇಷನ್ನಿಗೆ ಇನ್ನು ಎಷ್ಟು ದಿನ ಇದೆ?"

"ಹದಿನೆಂಟು. ಮುಂದಕ್ಕೆ ಹಾಕೋ ಹಾಗಿಲ್ಲ."

ಹೈಸ್ಕೂಲಿನ ಮಕ್ಕಳ ಬಾಯಲ್ಲಿ ಅವರು ಗಾಳಿ ಮೇಡಂ. ಗಾಳಿ, ಬಿಸಿಲು, ಹರಿಯುವ ನೀರು, ಕೊಳೆತ ಸೊಪ್ಪು ಇವುಗಳಿಂದ ವಿದ್ಯುತ್ತೋ ಉರಿಯೋ ಹೇಗೆ ಹುಟ್ಟುತ್ತದೆ ಎಂದು ಮಾಡಿ ತೋರಿಸುವ ಎಂಟು ಪಾಠಗಳು ಅವರಲ್ಲಿದ್ದವು. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದೂವರೆ ಪುಟ, ಅಷ್ಟೆ. ಬರೆದುಕೊಡಿ ಎಂದು ಬೇರೆ ಶಾಲೆಯವರು ದುಂಬಾಲು ಬಿದ್ದಿದ್ದರು. ರಜೆಯಲ್ಲಿ ನೋಡೋಣ ಎನ್ನುತ್ತಲೇ ಇಪ್ಪತ್ತು ವರ್ಷ ಕಳೆದಿತ್ತು.

ಈಗ ಊಟದ ಮೇಜಿನ ತುಂಬ ಹಾಳೆಗಳು.

"ಸ್ವಲ್ಪ ಮಲ್ಕೊಳ್ಳೇ. ಪಾಠ ಎಲ್ಲಿಗೂ ಓಡಿಹೋಗಲ್ಲ," ಎಂದರು ಗಂಡ.

"ಹೋಗುತ್ತೆ ರೀ. ನನ್ನ ದನಿ ಜೊತೇನೇ ಹೋಗುತ್ತೆ."

ಹನ್ನೊಂದನೆಯ ದಿನ, ಬರೆದದ್ದನ್ನು ಓದಿ ಬೇರೆಯವರು ಪಾಠ ಮಾಡಬಲ್ಲರೇ ಎಂದು ನೋಡಲು, ಗಾಳಿಯ ಪಾಠವನ್ನು ಗಣಿತದ ಮೇಷ್ಟ್ರ ಕೈಗಿತ್ತು, ತಾವು ತುಟಿ ಬಿಚ್ಚದೆ ಕೊನೆಯ ಬೆಂಚಿನಲ್ಲಿ ಕೂತರು. ಮೇಷ್ಟ್ರು ಹಾಳೆ ನೋಡಿಕೊಂಡು ಆಟಿಕೆಯ ಮೋಟಾರಿಗೆ ರಟ್ಟಿನ ರೆಕ್ಕೆ ಸಿಕ್ಕಿಸಿ, ಎದುರಿಗೆ ಟೇಬಲ್ ಫ್ಯಾನ್ ಹಾಕಿದರು. ರೆಕ್ಕೆ ಮಿಸುಕಲಿಲ್ಲ. ಫ್ಯಾನ್ ಜೋರು ಮಾಡಿದರು. ಊಹೂಂ. ಮೇಷ್ಟ್ರು ಬೆವರೊರೆಸಿಕೊಂಡು, "ಸರಿ, ತಿರುಗ್ತು ಅಂತ ಇಟ್ಕೊಳ್ಳಿ," ಎಂದುಬಿಟ್ಟರು. ತರಗತಿ ಗೊಳ್ಳೆಂದಿತು.

ಮೇಡಂ ನಗಲಿಲ್ಲ. ರೆಕ್ಕೆಗಳನ್ನು ಗಾಳಿಗೆ ಓರೆಯಾಗಿ ತಿರುಚಬೇಕು ಎಂದು ಅವರು ಬರೆದೇ ಇರಲಿಲ್ಲ. ಇಷ್ಟು ವರ್ಷ ಅದನ್ನು ಅವರ ಬೆರಳುಗಳು ತಾವಾಗಿಯೇ ಮಾಡಿಬಿಡುತ್ತಿದ್ದವು.

ಸ್ಟಾಫ್ ರೂಮಿನಲ್ಲಿ ಅವರಿಗೆ ಅಳು ತಡೆಯಲಾಗಲಿಲ್ಲ. "ಇದೊಂದು ಗೊತ್ತಾಯ್ತು. ಗೊತ್ತಾಗದೆ ಬಿಟ್ಟಿರೋದು ಇನ್ನೆಷ್ಟಿದೆಯೋ ಸಾರ್?"

"ದಿನಾ ಬಂದು ಕೆಡಿಸ್ತೀನಿ ಮೇಡಂ. ಕೆಡಿಸೋದ್ರಲ್ಲಿ ನನ್ನ ಕೈ ಪಳಗಿದೆ," ಎಂದರು ಮೇಷ್ಟ್ರು.

ಹಾಗೆಯೇ ಆಯಿತು. ಸೋಲಾರ್ ಹಲಗೆಯ ಮೇಲೆ ಮೇಷ್ಟ್ರು ತಮ್ಮದೇ ನೆರಳು ಬೀಳಿಸಿಕೊಂಡು, ಮೀಟರ್ ಕೆಟ್ಟಿದೆ ಎಂದರು. ಕೊಳೆತ ಸೊಪ್ಪಿನ ಬಾಟಲಿಯ ಬಿರಡೆ ಸಡಿಲ ಬಿಟ್ಟು ಗ್ಯಾಸೆಲ್ಲ ಸೋರಿಹೋಗುವಂತೆ ಮಾಡಿದರು. ಅವರು ಕೆಡಿಸಿದ್ದನ್ನೆಲ್ಲ ಮೇಡಂ ಹಾಳೆಗೆ ಸೇರಿಸಿದರು. ಐದು ಪಾಠ ಮುಗಿದವು. ಆರನೆಯದು ಅರ್ಧದಲ್ಲಿರುವಾಗ ಆಸ್ಪತ್ರೆಗೆ ಸೇರುವ ದಿನ ಬಂತು.

ಜೀವ ಉಳಿಯಿತು, ದನಿ ಹೋಯಿತು. ವಾರ್ಡಿನ ಮಂಚದ ಮೇಲೆ ಅವರು ಮತ್ತೆ ಪೆನ್ನು ಹಿಡಿದರು. ಆದರೆ ಮಕ್ಕಳು ಎಲ್ಲಿ ತಡೆದು ಏನು ಕೇಳುತ್ತಾರೆ ಎಂಬುದು ಬಾಯಲ್ಲಿ ಪಾಠ ಹೇಳುತ್ತ ಹೋದರೆ ಮಾತ್ರ ಅವರಿಗೆ ಹೊಳೆಯುತ್ತಿತ್ತು. ಉಳಿದ ಪಾಠಗಳು ಹಾಳೆಗೆ ಬರಲೇ ಇಲ್ಲ.

ಬರೆದ ಐದನ್ನು ಈಗ ಒಂಬತ್ತು ಶಾಲೆಗಳಲ್ಲಿ ಮಾಡುತ್ತಾರೆ. ಮೇಡಂ ಪ್ರಯೋಗಾಲಯ ನೋಡಿಕೊಳ್ಳುತ್ತಾರೆ. ಯಾರಾದರೂ ಪ್ರಶ್ನೆ ಕೇಳಿದರೆ ಬೋರ್ಡಿನ ಮೇಲೆ ಉತ್ತರ ಬರೆಯುತ್ತಾರೆ. ಬರೆದು ತಿರುಗುವಷ್ಟರಲ್ಲಿ, ಎಷ್ಟೋ ಸಲ, ಕೇಳಿದ ಮಗು ಹೊರಟುಹೋಗಿರುತ್ತದೆ.