ಮಡಿಕೋಲು ಮತ್ತು ಎರಡು ದೀಪ

ಬೆಳಿಗ್ಗೆ ಚಟ್ನಿ ರುಬ್ಬುವಾಗ ಮಿಕ್ಸಿ ಸುಟ್ಟುಹೋಯಿತು. ಸುಟ್ಟ ತಂತಿಯ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನಿಮಗೆ ರಿಪೇರಿ ಅಂಗಡಿ ನೆನಪಾದೀತು. ನನಗೆ ಒಂದು ತಾರಸಿ ನೆನಪಾಗುತ್ತದೆ. ಲಟ್ಟಣಿಗೆಯ ತುದಿಯಿಂದ ಸ್ವಿಚ್ಚು ಆರಿಸಿ ದೂರ ನಿಂತೆ. ನಗಬೇಡಿ, ಕಾರಣವಿದೆ.

ತೊಂಬತ್ತರ ದಶಕ, ಮಲ್ಲೇಶ್ವರದಲ್ಲಿ ಗೆಳತಿ ರತ್ನಳ ಮನೆಯ ತಾರಸಿ. ಇಬ್ಬರೂ ಬಿ.ಎಸ್ಸಿ. ಓದುತ್ತಿದ್ದೆವು; ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣವನ್ನು ಹಿಡಿದೇ ತೀರುವ ಹಟ. ಎರಡು ತಾಮ್ರದ ಕೊಳವೆಗಳನ್ನು ಒಂದರ ಮೇಲೊಂದಿಟ್ಟು, ಒಂದೊಂದಕ್ಕೂ ಪುಟ್ಟ ದೀಪ ಜೋಡಿಸಿದ್ದೆವು. ಎರಡೂ ಒಟ್ಟಿಗೆ ಮಿನುಗಿದರೆ ಕಿರಣವೊಂದು ಎರಡನ್ನೂ ತೂರಿಹೋಯಿತೆಂದು ಅರ್ಥ. ನಾನೂರು ವೋಲ್ಟಿಗೆ, ತಗಡಿನ ಪೆಟ್ಟಿಗೆಯೊಳಗೆ, ಗುಜರಿಯಿಂದ ತಂದ ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರ್.

ತಾರಸಿ ರತ್ನಳ ಅಜ್ಜಿಯ ರಾಜ್ಯ. ಪೂಜೆಗೆ ಉಡುವ ಮಡಿ ಸೀರೆಯನ್ನು ಕೈಗೆಟುಕದ ಗಳುವಿನ ಮೇಲೆ ಬಿದಿರುಕೋಲಿನಿಂದ ಹರವುತ್ತಿದ್ದರು. ಅಲ್ಲಿ ಚಪ್ಪಲಿ ಕೂಡದು. ನಾವು ಬಹಳ ವಿಧೇಯರು. ಸೀರೆಯಿಂದ ತೊಟ್ಟಿಕ್ಕಿದ ನೀರಿನಲ್ಲಿ ಬರಿಗಾಲಲ್ಲಿ ನಿಂತೇ ವಿಜ್ಞಾನ ನಡೆಸಿದೆವು!

ರತ್ನ ಪೆಟ್ಟಿಗೆ ಮುಟ್ಟಿದಳು. ಕೈ ಅಂಟಿಕೊಂಡಿತು, ಸುಟ್ಟ ತಂತಿಯ ವಾಸನೆ ಎದ್ದಿತು. ಬಾಯಿ ತೆರೆದಿತ್ತು, ಸದ್ದಿಲ್ಲ. ಸ್ವಿಚ್ಚು ನೆನಪಾಗದೆ ನಾನು ಅವಳ ತೋಳು ಹಿಡಿಯಲು ನುಗ್ಗಿದೆ. ಅಷ್ಟರಲ್ಲಿ ಸೀರೆ ಹರವುತ್ತಿದ್ದ ಅಜ್ಜಿಯ ಕೋಲು ನನ್ನನ್ನು ದಾಟಿ ಬಂದು ಅವಳ ಮಣಿಕಟ್ಟಿಗೆ ಬಡಿಯಿತು. ಕೈ ಬಿಟ್ಟಿತು. ರತ್ನ ಕುಸಿದು ಅತ್ತಳು. ಅಳು ಕೇಳಿದ ಮೇಲೇ ನಾನು ಉಸಿರಾಡಿದ್ದು.

"ಬಿದಿರಲ್ಲಿ ಕರೆಂಟ್ ಹರಿಯಲ್ಲ ಅಂತ ಗೊತ್ತಿತ್ತಾ ಅಜ್ಜಿ?" ಎಂದೆ.

"ಕರೆಂಟೂ ಗೊತ್ತಿಲ್ಲ, ಗಿರೆಂಟೂ ಗೊತ್ತಿಲ್ಲ. ಮಡೀಲಿದ್ದೆ ಕಣೇ, ಕೈಯಲ್ಲಿ ಮುಟ್ಟೋ ಹಾಗಿರ್ಲಿಲ್ಲ."

ಹಾಗೆಂದವರೇ ಕೋಲು ಬಿಸಾಡಿ ಮೊಮ್ಮಗಳನ್ನು ಎದೆಗವಚಿಕೊಂಡರು. ಆ ದಿನ ಅವರಿಗೆ ಮತ್ತೆ ಸ್ನಾನ.

ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ರತ್ನ ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಿದಳು, ಈ ಸಲ ಒಣ ನಡುಮನೆಯಲ್ಲಿ, ಮರದ ಹಲಗೆಯ ಮೇಲೆ. ಅಜ್ಜಿ ಕೋಲು ಹಿಡಿದು ಕಾವಲು ಕೂತರು. ಒಂದು ಮಧ್ಯಾಹ್ನ ಎರಡೂ ದೀಪ ಒಟ್ಟಿಗೆ ಮಿನುಗಿದವು. ನಾವು ಹಾಕಿದ ಕೇಕೆಗೆ ಪಕ್ಕದ ಮನೆಯವರು ಓಡಿಬಂದರು.

"ಈ ಕಿರಣ ನನ್ನ ಮೈಯೊಳಗೂ ಹೋಗುತ್ತೇನೇ?" ಎಂದರು ಅಜ್ಜಿ.

"ಹೂಂ ಅಜ್ಜಿ, ಮಡೀಲಿದ್ದಾಗ್ಲೂ."

ಅಜ್ಜಿ ಕೋಲನ್ನು ಗೋಡೆಗೊರಗಿಸಿದರು. "ಹೋಗ್ಲಿ ಬಿಡು. ಅಷ್ಟು ದೂರದಿಂದ ಬಂದಿದೆ, ಪಾಪ."

ರತ್ನ ಈಗ ಅಂಥ ಯಂತ್ರಗಳನ್ನೇ ಕಟ್ಟುತ್ತಾಳೆ. ಪ್ಲಗ್ ಕೀಳಲು ಧೈರ್ಯವಾಗದೆ ಇವತ್ತು ಅವಳಿಗೇ ಫೋನ್ ಮಾಡಿದೆ.

"ಮತ್ತೆ ಅದೇ ವಾಸನೇನಾ?" ನಕ್ಕಳು. "ಶಾಕ್ ಹೊಡೆದಿದ್ದು ಒಂದೇ ಸಲ ಕಣೇ, ಅದೂ ನಂಗೆ! ದೀಪ ಎಷ್ಟು ಸಲ ಹತ್ತಿದ್ವು, ಅದನ್ನ್ಯಾಕೆ ನೆನೆಸ್ಕೊಳಲ್ಲ ನೀನು?"

ಫೋನಿಟ್ಟು ಅಂಗೈ ನೋಡಿಕೊಂಡೆ. ಈಗಲೂ ಆ ಕಿರಣಗಳು ಅದನ್ನು ತೂರಿಕೊಂಡು ಹೋಗುತ್ತಿರುತ್ತವೆ. ಅದನ್ನು ನಡುಮನೆಯಲ್ಲಿ ಕೂತು ಕಣ್ಣಾರೆ ಕಂಡವಳು ನಾನು. ಲಟ್ಟಣಿಗೆ ಬದಿಗಿಟ್ಟು, ಬರಿಗೈಯಲ್ಲೇ ಪ್ಲಗ್ ಕಿತ್ತೆ.