ಏಳೂವರೆ ವೋಲ್ಟಿನ ಕೊಬ್ಬರಿ

ಅಟ್ಟದ ಮೇಲಿದ್ದ ನಮ್ಮ ಕೊಬ್ಬರಿ ಆ ಸಲ ಸರಿಯಾಗಿ ಒಣಗಿರಲಿಲ್ಲ. ತೇವ ಇದ್ದರೆ ಮಂಡಿಯವರು ಮೂಸಿಯೂ ನೋಡುವುದಿಲ್ಲ. ಆದರೆ ಬೇಲೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ನಾನು ಹೆದರಲಿಲ್ಲ. ನನ್ನ ಬಳಿ ತೇವ ಅಳೆಯುವ ಅಂಗೈಯಗಲದ ಮೀಟರ್ ಇತ್ತು, ಅದರ ಚಾಳಿಯೂ ಗೊತ್ತಿತ್ತು. ಒಳಗಿನ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಎಂಟು ವೋಲ್ಟಿಗಿಂತ ಕೆಳಗಿಳಿದರೆ ಅದು ತೇವವನ್ನು ಕಡಿಮೆ ತೋರಿಸುತ್ತಿತ್ತು. ಏಳಕ್ಕೆ ಇಳಿದರೆ ಮಾತ್ರ ಪರದೆಯಲ್ಲಿ ಬ್ಯಾಟರಿಯ ಗುರುತು ಮಿನುಗಿ ಗುಟ್ಟು ರಟ್ಟಾಗುತ್ತಿತ್ತು. ಹಾಗಾಗಿ ಹಳೆಯ ಬ್ಯಾಟರಿಯೊಂದನ್ನು, ಮಗುವಿನ ಜ್ವರ ನೋಡುವಂತೆ ದಿನವೂ ಶಾಲೆಯ ಮಲ್ಟಿಮೀಟರಿನಲ್ಲಿ ಅಳೆಯುತ್ತ, ಬಳಸಿ ಬಳಸಿ ಏಳೂವರೆಗೆ ತಂದು ನಿಲ್ಲಿಸಿದೆ.

ಅರಸೀಕೆರೆಯ ಮಂಡಿಯಲ್ಲಿ ಮೀಟರಿನ ಎರಡು ಮೊಳೆಗಳನ್ನು ಕೊಬ್ಬರಿಗೆ ಚುಚ್ಚಿ, ಅಂಕಿಯನ್ನು ಸಾಹುಕಾರರ ಮುಖಕ್ಕೆ ಹಿಡಿದೆ. ಅವರು ಅತ್ತ ನೋಡಲೇ ಇಲ್ಲ. ಕೊಬ್ಬರಿಯ ಚೂರೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಮೀಟರಿನ ಹಿಂಬದಿ ಬಿಚ್ಚಿ, ಬ್ಯಾಟರಿ ತೆಗೆದು ನಾಲಿಗೆಗೆ ತಾಗಿಸಿದರು.

"ಚುರುಕು ಕಮ್ಮಿ ಐತೆ, ಮೇಷ್ಟ್ರೇ."

ಮೇಜಿನ ಖಾನೆಯಿಂದ ಹೊಸ ಬ್ಯಾಟರಿ ತೆಗೆದು ಹಾಕಿ ಮತ್ತೆ ಚುಚ್ಚಿದರು. ಅಂಕಿ ಸರ್ರನೆ ಮೇಲೇರಿತು. ನಾನು ನೆಲ ನೋಡುತ್ತ, ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ನನ್ನತ್ರಾನೂ ಇಂಥದ್ದೇ ಮೀಟರ್ ಐತಲ್ಲ. ಕೊಳ್ಳೋವಾಗ ಹೊಸ ಸೆಲ್ ಹಾಕ್ತೀನಿ," ಎಂದವರು ನನ್ನ ಹಳೆಯ ಬ್ಯಾಟರಿಯನ್ನು ಒರೆಸಿ ತಮ್ಮ ಜೇಬಿಗೆ ಇಳಿಸಿಕೊಂಡರು. "ಇದು ಇಲ್ಲೇ ಇರ್ಲಿ. ಮಾರೋವಾಗ ಬೇಕಾಯ್ತದೆ."