ಬ್ರೇಕಣ್ಣನ ಎತ್ತರದ ಜೀಪು

ನಮ್ಮ ಹಿತ್ತಲಿಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಗೋಡೆ. ಅದರಾಚೆ ತಗಡಿನ ಶೆಡ್ಡು. ಭಾನುವಾರ ನಾನು ದೇವರಿಗೆ ಕೈಮುಗಿದು ಹಿತ್ತಲಿಗೆ ಬರುವ ಹೊತ್ತಿಗೆ ಶೆಡ್ಡಿನಲ್ಲಿ ಜೀಪಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿಕೊಂಡಿರುತ್ತಿದ್ದವು. ಅವು ಬ್ರೇಕಣ್ಣನ ಕಾಲು. ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುತ್ತಿದ್ದುದರಿಂದ ಬೀದಿಯವರು ಆ ಹೆಸರಿಟ್ಟಿದ್ದರು. ಮಾತಿಗೂ ಅದು ಹೊಂದುತ್ತಿತ್ತು. ನಾಲ್ಕು ಮಾತಾಡುವಷ್ಟರಲ್ಲಿ ಅವರ ಬಾಯಿಗೆ ಬ್ರೇಕ್ ಬೀಳುತ್ತಿತ್ತು.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಅವರ ತಂದೆ ಬೆಟ್ಟದ ತುದಿಯ ವೈರ್‌ಲೆಸ್ ಟವರ್ ಕಾಯುತ್ತಿದ್ದವರು. ಟವರಿನ ಬುಡದ ಒಂದೇ ಕೋಣೆಯಲ್ಲಿ ಅತ್ತಿಗೆ ಹುಟ್ಟಿ ಬೆಳೆದದ್ದು. ಟವರ್ ಅಲುಗದಂತೆ ನಾಲ್ಕೂ ಕಡೆಗೆ ಬಿಗಿದು ಕಟ್ಟಿದ್ದ ದಪ್ಪ ತಂತಿಗಳಿಗೆ ಸಂಜೆಯ ಗಾಳಿ ತಾಗಿದರೆ ಒಂದು ದನಿ ಹೊರಡುತ್ತಿತ್ತಂತೆ.

"ನಮ್ಮಮ್ಮ ಲಾಲಿ ಹಾಡಿದವಳೇ ಅಲ್ಲ," ಎನ್ನುತ್ತಿದ್ದರು ಅತ್ತಿಗೆ. "ಆ ದನಿ ಶುರುವಾದ್ರೆ ನನ್ನನ್ನ ತೊಡೆ ಮೇಲೆ ಹಾಕ್ಕೊಂಡು ತಟ್ಟೋಳು, ಅಷ್ಟೇ. ಅಮ್ಮನ ಮುಖ ಮರೆತೇಹೋಗಿದೆ ಕಣಮ್ಮ. ಕೈ ಮಾತ್ರ ನೆನಪಿದೆ."

ತಾಯಿ ತೀರಿಕೊಂಡ ಮೇಲೆ ತಂದೆ ಮಗಳನ್ನು ಕರೆದುಕೊಂಡು ಕೆಳಗಿಳಿದರು. ಮುಂದೆ ಟವರಿನ ಕೆಲಸವೂ ನಿಂತಿತು, ರಸ್ತೆಯೂ ಮಳೆಗೆ ಕೊಚ್ಚಿಹೋಯಿತು. ಈಗ ಅಲ್ಲಿರುವುದು ಬಂಡೆ ಮತ್ತು ಹಳ್ಳ. ನಡೆದು ಹತ್ತಲು ಅತ್ತಿಗೆಯ ಮಂಡಿ ಬಿಡದು. ಇತ್ತ ಕಿವಿಯೂ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ಪೂರ್ತಿ ಮುಚ್ಚಿಹೋಗುವುದರೊಳಗೆ ಆ ದನಿ ಒಮ್ಮೆ ಕೇಳಬೇಕೆಂಬುದೊಂದೇ ಅವರ ಆಸೆ. ಗುಜರಿಗೆ ಹೊರಟಿದ್ದ ಜೀಪನ್ನು ಬ್ರೇಕಣ್ಣ ಮನೆಗೆ ಎಳೆದು ತಂದದ್ದು ಅದಕ್ಕಾಗಿಯೇ.

ಇಂಜಿನ್ ಮೊದಲ ಸಲ ಶುರುವಾದ ದಿನ ಅವರು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿ ನಿಂತರು. ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಮೆಕ್ಯಾನಿಕ್ಕುಗಳು ಹೀಗೇ ತಿಳಿಯುತ್ತಾರಂತೆ.

"ನೋಡಮ್ಮ," ಎಂದರು ಅತ್ತಿಗೆ ನನ್ನ ಕಡೆ ತಿರುಗಿ. "ಜೀಪು ಗೊಣಗಿದ್ರೆ ಮೂಳೆಗೆ ಹಚ್ಕೊಂಡು ಕೇಳ್ತಾರೆ. ನಾನು ಗೊಣಗಿದ್ರೆ ಎದ್ದು ಹೋಗ್ತಾರೆ."

"ಜೀಪು ಒಂದೇ ವಿಷಯ ಹೇಳುತ್ತೆ," ಎಂದರು ಬ್ರೇಕಣ್ಣ, ಕಣ್ಣು ತೆರೆಯದೆ.

ಜೀಪು ಓಡತೊಡಗಿದ ಮೇಲೂ ಅವರು ಹೊರಡಲಿಲ್ಲ. ಹಳ್ಳದ ನೀರು ಇಂಜಿನ್ನಿಗೆ ನುಗ್ಗಬಾರದೆಂದು ಅದು ಗಾಳಿ ಎಳೆಯುವ ಪೈಪನ್ನು ಕಿಟಕಿಯ ಪಕ್ಕದಿಂದ ಮೇಲಕ್ಕೆ ಏರಿಸಿದರು. ಬಂಡೆ ತಾಗಬಾರದೆಂದು ಡೀಸೆಲ್ ಟ್ಯಾಂಕಿನ ಕೆಳಗೆ ದಪ್ಪ ತಗಡು ಕೂರಿಸಿದರು. ಮುಂದೆ ಮಳೆಗಾಲ ಬಂತು, ಹೋಯಿತು. ಅತ್ತಿಗೆ ಕೇಳಿದಾಗಲೆಲ್ಲ ಒಂದೇ ಉತ್ತರ: "ಇನ್ನೊಂದು ಕೆಲಸ ಇದೆ."

"ನಿಮ್ಮ ಗಾಡಿ ರೆಡಿಯಾಗೋ ಹೊತ್ತಿಗೆ ನನ್ನ ಕಿವಿ ರಿಟೈರ್ ಆಗುತ್ತೆ ಕಣ್ರೀ!"

ದಾರಿಯಲ್ಲಿ ಕೆಟ್ಟು ನಿಂತರೆ ಹೆಂಡತಿ ನಡೆಯಲಾರಳು ಎಂಬ ಭಯ ಅವರಿಗೆ. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ.

ಕಡೆಗೆ ಸ್ಪ್ರಿಂಗುಗಳಿಗೆ ಹೆಚ್ಚಿನ ಪಟ್ಟಿ ಸೇರಿಸಿ ದೊಡ್ಡ ಟಯರು ಹಾಕಿದರು. ಜೀಪು ಆಳೆತ್ತರ ಬೆಳೆದಂತೆ ಕಂಡಿತು. ಅದಕ್ಕೂ ಮೊದಲು ಒಬ್ಬರೇ ಅರ್ಧ ಬೆಟ್ಟ ಹತ್ತಿ, ಒಂದೊಂದು ಬಂಡೆಯ ಎತ್ತರವನ್ನೂ ಅಳೆದು ಬಂದಿದ್ದರು. ಟಯರು ಹಾಕಿದ ಮಾರನೆಯ ಬೆಳಿಗ್ಗೆ ಹೊರಡುವುದೆಂದಾಯಿತು. ಅತ್ತಿಗೆ ಒಳ್ಳೆಯ ಸೀರೆ ಉಟ್ಟು ಬಂದು ಬಾಗಿಲ ಕಂಬಿ ಹಿಡಿದು ಕಾಲೆತ್ತಿದರು. ಮಂಡಿ ಮಡಚಲಿಲ್ಲ. ಮತ್ತೊಮ್ಮೆ ಎತ್ತಿದರು. ಕಾಲು ಗಾಳಿಯಲ್ಲೇ ನಿಂತಿತು.

ಬೆಟ್ಟದ ಕಲ್ಲನ್ನೆಲ್ಲ ಅಳೆದವರು ಹೆಂಡತಿಯ ಹೆಜ್ಜೆ ಅಳೆದಿರಲಿಲ್ಲ.

"ಮೆಟ್ಟಿಲು ಬೆಸೀತೀನಿ," ಎಂದರು ಬ್ರೇಕಣ್ಣ. ತಕ್ಷಣ ತಾವೇ ತಲೆಯಾಡಿಸಿದರು. "ಬೇಡ. ನಿನ್ನ ಕಾಲಿಗೆ ಸಿಗೋ ಅಷ್ಟು ಕೆಳಗೆ ಬಂದ್ರೆ ಬಂಡೆಗೂ ಸಿಗುತ್ತೆ. ಮೊದಲ ತಿರುವಲ್ಲೇ ಕಿತ್ತುಹೋಗುತ್ತೆ." ಜೀಪನ್ನು ಮತ್ತೆ ಇಳಿಸುವುದೊಂದೇ ದಾರಿ. ಇಳಿಸಿದರೆ ಅದು ಬೆಟ್ಟ ಹತ್ತದು. ಅವರು ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕುಳಿತುಬಿಟ್ಟರು. ಆ ಮುಖ ನೋಡಲಾರದೆ ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ.

ಅತ್ತಿಗೆ ಒಳಗೆ ಹೋದರು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಳುತ್ತಿದ್ದಾರೇನೋ ಎಂದು ಹೋಗಿ ನೋಡಿದರೆ ಹೊಲಿಗೆ ಮೆಷಿನ್ನಿನ ಕೆಳಗೆ ಬಗ್ಗಿ ಬೋಲ್ಟು ಬಿಚ್ಚುತ್ತಿದ್ದರು. ಮಂಡಿ ನೋವು ಬಂದ ಮೇಲೆ ಮೆಷಿನ್ನಿಗೆ ಮೋಟರ್ ಹಾಕಿಸಿದ್ದರು. ಕಾಲಲ್ಲಿ ತುಳಿಯುವ ಕಬ್ಬಿಣದ ಪೆಡಲ್ ಕೆಲಸವಿಲ್ಲದೆ ನೇತಾಡುತ್ತಿತ್ತು.

"ಇದು ಮೇಲೆ ಕೆಳಗೆ ಆಡುತ್ತಲ್ಲ," ಎನ್ನುತ್ತ ಅದನ್ನು ತಂದು ಗಂಡನ ಮುಂದಿಟ್ಟರು. "ಹತ್ತೋವಾಗ ಇಳಿಬಿಡಿ, ಹೊರಟಾಗ ಮಡಚಿ ಕೊಕ್ಕೆ ಹಾಕಿ. ಇಷ್ಟು ವರ್ಷ ಇದನ್ನ ತುಳಿದೂ ತುಳಿದೂ ನನ್ನ ಮಂಡಿ ಸವೀತು. ಇನ್ನಾದ್ರೂ ಋಣ ತೀರಿಸ್ಲಿ."

ಬ್ರೇಕಣ್ಣ ಪೆಡಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೀನು ಡಿಪೋದಲ್ಲಿ ಇರಬೇಕಿತ್ತು ಕಣೇ."

"ಇದ್ದಿದ್ರೆ ನಿಮ್ಮ ಬಸ್ಸುಗಳು ಟೈಮಿಗೆ ಹೊರಡ್ತಿದ್ವು."

ಮುಂದಿನ ಭಾನುವಾರ ಅತ್ತಿಗೆ ಆ ಪೆಡಲಿನ ಮೇಲೆ ಕಾಲಿಟ್ಟು ಜೀಪು ಹತ್ತಿದರು. ಹಿಂದಿನ ಸೀಟಿನಲ್ಲಿ ಊಟದ ಬುಟ್ಟಿಯ ಜೊತೆ ನಾನು. ಹಳ್ಳದಲ್ಲಿ ನೀರು ಬಾಗಿಲವರೆಗೆ ಬಂತು. ಬಂಡೆಗಳ ಮೇಲೆ ಜೀಪು ಆನೆಯಂತೆ ಓಲಾಡಿತು. ಬ್ರೇಕಣ್ಣ ಮಾಡಿದ ಯಾವ ಕೆಲಸವೂ ಕೈಕೊಡಲಿಲ್ಲ.

ತುದಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಕೋಣೆಗೆ ಚಾವಣಿ ಇರಲಿಲ್ಲ. ಟವರ್ ನಿಂತಿತ್ತು. ತಂತಿಗಳಲ್ಲಿ ಕೆಲವು ತುಂಡಾಗಿ ಹುಲ್ಲಿನಲ್ಲಿ ಬಿದ್ದಿದ್ದರೂ ಉಳಿದವು ಬಿಗಿಯಾಗಿಯೇ ಇದ್ದವು. ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ಆ ದನಿ ನನಗೆ ಕೇಳಿಸಿತು. ಖಾಲಿ ಕೊಡದ ಬಾಯಿಗೆ ಯಾರೋ ಮೆಲ್ಲಗೆ ಊದುತ್ತಿದ್ದಂತೆ.

ಅತ್ತಿಗೆ ನನ್ನ ಮುಖ ನೋಡಿದರು. "ಬಂತಾ?" ಎಂದರು.

ನಾನು ತಲೆಯಾಡಿಸಿದೆ.

"ನಂಗೆ ಬರೀ ಗಾಳಿ," ಎಂದರು. "ಹೋಗ್ಲಿ ಬಿಡಿ. ಜಾಗನಾದ್ರೂ ನೋಡಿದೆನಲ್ಲ." ಎಂದವರೇ ಮುಖ ಆಚೆ ತಿರುಗಿಸಿಕೊಂಡರು.

ಬ್ರೇಕಣ್ಣ ಜೀಪಿಗೆ ಹೋಗಿ ಬಂದರು. ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇತ್ತು. ಹೆಂಡತಿಯ ತೋಳು ಹಿಡಿದು ಟವರಿನ ಕಾಲ ಬಳಿ ಕೂರಿಸಿದರು. ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಹಿಡಿಯನ್ನು ಅವರ ಕಿವಿಯ ಹಿಂದಿನ ಮೂಳೆಗೆ ಆನಿಸಿದರು.

"ನಾನೇನು ನಿಮ್ಮ ಇಂಜಿನ್ನಾ?"

"ಸುಮ್ನಿರೇ."

ಗಾಳಿ ಮತ್ತೆ ಬಂತು. ಅತ್ತಿಗೆ ಕಣ್ಣು ಮುಚ್ಚಿಕೊಂಡರು. ನೋಡುತ್ತಿದ್ದ ಹಾಗೇ ಅವರ ಬಲಗೈ ತೊಡೆಯ ಮೇಲೆ ಮೆಲ್ಲಗೆ ತಟ್ಟತೊಡಗಿತು, ಮಗುವನ್ನು ಮಲಗಿಸುವಂತೆ.

ಗಾಳಿ ನಿಂತಿತು. ಕೈಯೂ ನಿಂತಿತು. ಕತ್ತಲಾಗುವ ಮೊದಲು ಬಂಡೆಗಳನ್ನು ದಾಟಬೇಕಿತ್ತು. ಬ್ರೇಕಣ್ಣ ಸ್ಕ್ರೂಡ್ರೈವರ್ ತೆಗೆಯಲು ಹೋದರೆ ಅತ್ತಿಗೆ ಅವರ ಮಣಿಕಟ್ಟು ಹಿಡಿದುಕೊಂಡರು.

"ರೀ, ಇನ್ನೊಂದು ಗಾಳಿ."

"ಬರ್ಲಿ," ಎಂದರು ಬ್ರೇಕಣ್ಣ. ಬಗ್ಗಿದವರು ಬಗ್ಗಿದಂತೆಯೇ ನಿಂತು ಕಾಯತೊಡಗಿದರು.